ಸ್ವತಂತ್ರ ಕಿರುಚಿತ್ರ, ಅನಿಮೇಷನ್, ಮ್ಯೂಸಿಕ್ ವಿಡಿಯೊ: ಎಲ್ಲಿ ಹುಡುಕಬೇಕು, ಹೇಗೆ ಹುಡುಕಬೇಕು

ಯೂಟ್ಯೂಬ್‌ನಲ್ಲಿ ‘ಅತ್ಯುತ್ತಮ ಕಿರುಚಿತ್ರ’ ಎಂದು ಹುಡುಕಿದರೆ ಸಿಗುವುದು ಅತ್ಯುತ್ತಮ ಕಿರುಚಿತ್ರಗಳಲ್ಲ, ಶೀರ್ಷಿಕೆಯಲ್ಲಿ ಆ ಎರಡು ಪದ ಸೇರಿಸಿಕೊಂಡ ವಿಡಿಯೊಗಳು. ಶ್ರದ್ಧೆಯಿಂದ ಮಾಡಿದ ಕಿರುಚಿತ್ರಕ್ಕೆ ಸಾಮಾನ್ಯವಾಗಿ ಒಂದೋ ಎರಡೋ ಪದದ ಹೆಸರಿರುತ್ತದೆ. ಅದರ ಪಕ್ಕದಲ್ಲಿ ನೋಡುಗರನ್ನು ಸೆಳೆಯುವ ಬೇರೆ ಮಾತು ಇರುವುದಿಲ್ಲ. ಇನ್ನೊಂದು ತೊಡಕೂ ಇದೆ. ಶಿಫಾರಸು ಮಾಡುವ ಅಲ್ಗಾರಿದಮ್‌ಗೆ ವಾರಕ್ಕೆರಡು ವಿಡಿಯೊ ಹಾಕುವ ಚಾನೆಲ್‌ ಚೆನ್ನಾಗಿ ಅರ್ಥವಾಗುತ್ತದೆ. ಕೈಯಲ್ಲೇ ಚಿತ್ರ ಬರೆದು ಮಾಡಿದ ಹತ್ತು ನಿಮಿಷದ ಅನಿಮೇಷನ್‌ಗೆ ಎರಡು ವರ್ಷ ಕೂತು ಕೆಲಸ ಮಾಡಿದವರ ಚಾನೆಲ್‌ನಲ್ಲಿ ಒಟ್ಟು ಇರುವುದೇ ಮೂರು ವಿಡಿಯೊ. ಅವು ತಾವಾಗಿಯೇ ನಿಮ್ಮ ಮುಂದೆ ಬರುವ ಸಾಧ್ಯತೆ ತೀರಾ ಕಡಿಮೆ.

ಹೀಗಾಗಿ ಇಲ್ಲಿ ಹೇಳಿರುವ ಕ್ರಮವೆಲ್ಲ ಒಂದೇ ನಂಬಿಕೆಯ ಮೇಲೆ ನಿಂತಿದೆ: ವಿಡಿಯೊಗಳ ಬೆನ್ನು ಹತ್ತುವ ಬದಲು ಮನುಷ್ಯರ ಬೆನ್ನು ಹತ್ತಬೇಕು. ಚಿತ್ರಗಳನ್ನು ಆರಿಸುವವರು, ಉತ್ಸವಗಳ ಪಟ್ಟಿ ಮಾಡುವವರು, ಚಿತ್ರದ ಕೊನೆಯಲ್ಲಿ ಹೆಸರು ಬರುವವರು, ಇವರ ಜಾಡು ಹಿಡಿದರೆ ನೋಡಲು ಬರಗಾಲವೇ ಇರುವುದಿಲ್ಲ.

ಮೊದಲು ಚಿತ್ರದ ಪಯಣ ತಿಳಿದುಕೊಳ್ಳಿ

ಯಾವುದೋ ಉತ್ಸವದಲ್ಲಿ ಪ್ರಶಸ್ತಿ ಪಡೆದ ಕಿರುಚಿತ್ರದ ಬಗ್ಗೆ ಓದುತ್ತೀರಿ, ಕೂಡಲೇ ಹುಡುಕುತ್ತೀರಿ, ಒಂದು ನಿಮಿಷದ ಟ್ರೇಲರ್ ಬಿಟ್ಟರೆ ಏನೂ ಸಿಗುವುದಿಲ್ಲ. ಹೆಚ್ಚಿನವರು ಅಲ್ಲಿಗೇ ಕೈಬಿಡುತ್ತಾರೆ. ಚಿತ್ರ ಸಿಗದಿರಲು ಕಾರಣ ಸರಳ. ಚಿತ್ರ ಮುಗಿದ ಮೇಲೆ ಅದು ಒಂದರಿಂದ ಎರಡು ವರ್ಷ ಉತ್ಸವದಿಂದ ಉತ್ಸವಕ್ಕೆ ಸುತ್ತುತ್ತದೆ. ಈಗಾಗಲೇ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವ ಚಿತ್ರವನ್ನು ಹಲವು ಉತ್ಸವಗಳು ಸ್ಪರ್ಧೆಗೆ ತೆಗೆದುಕೊಳ್ಳುವುದಿಲ್ಲ. ಆಸ್ಕರ್‌ಗೆ ಅರ್ಹತೆ ಪಡೆಯುವ ಮೊದಲೇ ಚಿತ್ರ ಅಂತರ್ಜಾಲದಲ್ಲಿ ಬಿಡುಗಡೆಯಾಗಿದ್ದರೂ ತೊಂದರೆ. ಟಿವಿ ವಾಹಿನಿ ಹಕ್ಕು ಕೊಂಡಿದ್ದರೆ ಆ ಒಪ್ಪಂದದ ಅವಧಿ ಮುಗಿಯಬೇಕು. ಇದೆಲ್ಲ ಕಳೆದ ಮೇಲೆ ನಿರ್ದೇಶಕರು ಚಿತ್ರವನ್ನು ತಮ್ಮ ಪುಟದಲ್ಲೋ ಆಯ್ದ ಚಿತ್ರಗಳ ತಾಣವೊಂದರಲ್ಲೋ ಬಿಡುಗಡೆ ಮಾಡುತ್ತಾರೆ. ಆ ಹೊತ್ತಿಗೆ ಪ್ರಶಸ್ತಿಯ ಸುದ್ದಿ ಹಳತಾಗಿರುತ್ತದೆ, ಹುಡುಕುವವರೂ ಇರುವುದಿಲ್ಲ.

ಇದರಿಂದ ಒಂದು ಉಪಯುಕ್ತ ನಿಯಮ ಸಿಗುತ್ತದೆ: ಈ ವರ್ಷದ ಉತ್ಸವದ ಪಟ್ಟಿಯನ್ನು ತೆಗೆದಿಟ್ಟುಕೊಳ್ಳಿ, ಎರಡು ಮೂರು ವರ್ಷ ಹಿಂದಿನ ಪಟ್ಟಿಯನ್ನು ಹುಡುಕಿ ನೋಡಿ.

ಉದ್ದದ ಬಗ್ಗೆ ಒಂದು ಮಾತು. ಕಿರುಚಿತ್ರ ಎಂದರೆ ಇಷ್ಟೇ ನಿಮಿಷ ಎಂಬ ಒಂದೇ ಅಳತೆ ಇಲ್ಲ. ಆಸ್ಕರ್‌ ನಿಯಮದಲ್ಲಿ ಚಿತ್ರದ ಕೊನೆಯಲ್ಲಿ ಉರುಳುವ ಹೆಸರುಗಳೂ ಸೇರಿ 40 ನಿಮಿಷ, ಬರ್ಲಿನ್ ಉತ್ಸವದ ಕಿರುಚಿತ್ರ ವಿಭಾಗದಲ್ಲಿ 30, ಕಾನ್ ಸ್ಪರ್ಧೆಯಲ್ಲಿ 15. ಯೂಟ್ಯೂಬ್‌ನ ಅವಧಿಯ ಫಿಲ್ಟರ್‌ನಲ್ಲಿ ಮಧ್ಯದ ಆಯ್ಕೆ 20 ನಿಮಿಷಕ್ಕೆ ನಿಲ್ಲುತ್ತದೆ. ಅದನ್ನು ಹಾಕಿಕೊಂಡು ಹುಡುಕಿದರೆ ಉದ್ದನೆಯ ಕಿರುಚಿತ್ರಗಳೆಲ್ಲ ಸದ್ದಿಲ್ಲದೆ ಹೊರಗುಳಿಯುತ್ತವೆ.

ಆರಿಸಿ ಕೊಡುವ ತಾಣಗಳಿಂದ ಶುರು ಮಾಡಿ

ಹೊಸದಾಗಿ ನೋಡಲು ತೊಡಗುವವರಿಗೆ ಮೊದಲ ಎರಡು ತಿಂಗಳು ಇವೇ ಸಾಕು. ವಿಮಿಯೊ ಎಂಬ ವಿಡಿಯೊ ತಾಣ 2004ರಲ್ಲಿ ಶುರುವಾಯಿತು. ಅದರ ‘ಸ್ಟಾಫ್ ಪಿಕ್ಸ್’ 2008ರಿಂದ ನಡೆದು ಬಂದಿದೆ. ಅಲ್ಲಿನ ಸಿಬ್ಬಂದಿ ನೋಡಿ ಆರಿಸಿದ ವಿಡಿಯೊಗಳ ಪಟ್ಟಿ ಅದು. ಕಥೆ, ಸಾಕ್ಷ್ಯಚಿತ್ರ, ಅನಿಮೇಷನ್, ಮ್ಯೂಸಿಕ್ ವಿಡಿಯೊ ನಾಲ್ಕೂ ಅದರಲ್ಲಿ ಬೆರೆತಿರುತ್ತವೆ. ನಿಮ್ಮ ರುಚಿ ಯಾವುದೆಂದು ನಿಮಗೇ ಇನ್ನೂ ಗೊತ್ತಿಲ್ಲದಿದ್ದರೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

‘ಶಾರ್ಟ್ ಆಫ್ ದ ವೀಕ್’ 2007ರಿಂದ ಇದೆ. ಪ್ರತಿ ಚಿತ್ರದ ಜೊತೆ ಅದನ್ನು ಏಕೆ ಆರಿಸಲಾಯಿತು ಎಂಬ ಬರಹವಿರುತ್ತದೆ. ಪ್ರಕಾರ, ವಿಷಯ, ಶೈಲಿ, ದೇಶ ಹೀಗೆ ಬೇರೆ ಬೇರೆ ಬಗೆಯಲ್ಲಿ ವಿಂಗಡಿಸಿಯೂ ನೋಡಬಹುದು. ‘ಡೈರೆಕ್ಟರ್ಸ್ ನೋಟ್ಸ್’ನಲ್ಲಿ ನಿರ್ದೇಶಕರ ಸಂದರ್ಶನ ಮುಖ್ಯ. ಚಿತ್ರ ಹೇಗಾಯಿತು ಎಂಬ ಕುತೂಹಲವಿದ್ದವರಿಗೆ ಅದು ಹೇಳಿ ಮಾಡಿಸಿದ್ದು. ‘ಲೆ ಸಿನಿಮಾ ಕ್ಲಬ್’ ಒಂದು ವಾರಕ್ಕೆ ಒಂದೇ ಚಿತ್ರ ತೋರಿಸುತ್ತದೆ, ಉಚಿತವಾಗಿ. ವಾರ ಕಳೆದರೆ ಅದು ಹೋಗಿ ಇನ್ನೊಂದು ಬರುತ್ತದೆ. ‘ಆಮೇಲೆ ನೋಡೋಣ’ ಎಂದು ಗುರುತು ಹಾಕಿಟ್ಟರೆ ಕೈತಪ್ಪುತ್ತದೆ. ಕಿರು ಸಾಕ್ಷ್ಯಚಿತ್ರಗಳಿಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2011ರಲ್ಲಿ ಆರಂಭಿಸಿದ ‘ಆಪ್-ಡಾಕ್ಸ್’ ಸರಣಿ ನೋಡಿ. ಯೂಟ್ಯೂಬ್‌ನಲ್ಲೇ ಇರಬೇಕೆಂದರೆ ಕಥಾಚಿತ್ರಗಳಿಗೆ ‘ಒಮೆಲೆಟೊ’, ವೈಜ್ಞಾನಿಕ ಕಲ್ಪನೆಗೆ ‘ಡಸ್ಟ್’, ಭಯಾನಕಕ್ಕೆ ‘ಆಲ್ಟರ್’.

ಎಲ್ಲವನ್ನೂ ಒಟ್ಟಿಗೆ ಹಿಂಬಾಲಿಸಬೇಡಿ. ಎರಡನ್ನು ಆರಿಸಿಕೊಂಡು ಅವುಗಳ ಹಳೆಯ ಪುಟಗಳಿಗೆ ಇಳಿಯಿರಿ. ಇಂತಹ ತಾಣದ ನಿಜವಾದ ಸಂಪತ್ತು ಮುಖಪುಟದಲ್ಲಿರುವುದಿಲ್ಲ, ಐದಾರು ವರ್ಷ ಹಿಂದಿನ ಪುಟಗಳಲ್ಲಿರುತ್ತದೆ.

ಉತ್ಸವದ ಕ್ಯಾಟಲಾಗ್ ಓದುವ ಕ್ರಮ

ಇಲ್ಲಿಂದ ನಿಮ್ಮ ಸ್ವಂತ ಹುಡುಕಾಟ ಶುರು. ಕಿರುಚಿತ್ರಕ್ಕೇ ಮೀಸಲಾದ ಉತ್ಸವಗಳಲ್ಲಿ ಫ್ರಾನ್ಸ್‌ನ ಕ್ಲೆರ್ಮೊಂ-ಫೆರಾಂ ಮತ್ತು ಜರ್ಮನಿಯ ಒಬರ್‌ಹೌಸನ್ ದೊಡ್ಡ ಹೆಸರುಗಳು. ಎರಡನೆಯದು 1954ರಿಂದ ನಡೆಯುತ್ತಿದೆ. ಅನಿಮೇಷನ್‌ಗೆ ಫ್ರಾನ್ಸ್‌ನ ಆನ್ಸಿ (1960ರಿಂದ), ಕ್ರೊಯೇಷಿಯಾದ ಜಾಗ್ರೆಬ್ (1972ರಿಂದ), ಕೆನಡಾದ ಒಟ್ಟಾವಾ (1976ರಿಂದ). ಇವುಗಳ ಹಳೆಯ ವರ್ಷಗಳ ಆಯ್ಕೆಪಟ್ಟಿಗಳು ಅವುಗಳ ತಾಣಗಳಲ್ಲಿ ಸಿಗುತ್ತವೆ.

ಒಂದು ಉತ್ಸವ, ಒಂದು ವರ್ಷ, ಒಂದು ವಿಭಾಗ: ಒಂದು ಸಲಕ್ಕೆ ಇಷ್ಟೇ. ಕ್ಲೆರ್ಮೊಂ-ಫೆರಾಂನಲ್ಲಿ ಪ್ರಯೋಗಶೀಲ ಚಿತ್ರಗಳಿಗೆ ‘ಲ್ಯಾಬೊ’ ಎಂಬ ಪ್ರತ್ಯೇಕ ಸ್ಪರ್ಧೆಯಿದೆ. ಆನ್ಸಿಯಲ್ಲಿ ವಿದ್ಯಾರ್ಥಿಗಳ ಪದವಿ ಚಿತ್ರಗಳ ವಿಭಾಗ ಬೇರೆ, ಬೇರೆಯವರ ಬೇಡಿಕೆಗೆ ಮಾಡಿಕೊಟ್ಟ ಚಿತ್ರಗಳ ವಿಭಾಗ ಬೇರೆ. ಈ ಕೊನೆಯದನ್ನು ಬಹಳ ಮಂದಿ ಜಾಹೀರಾತು ಎಂದು ದಾಟಿ ಹೋಗುತ್ತಾರೆ. ಆದರೆ ಒಳ್ಳೆಯ ಅನಿಮೇಟೆಡ್ ಮ್ಯೂಸಿಕ್ ವಿಡಿಯೊಗಳು ಕೂತಿರುವುದು ಅಲ್ಲೇ. ಮೊದಲ ಬಹುಮಾನದ ಚಿತ್ರಕ್ಕಿಂತ ತೀರ್ಪುಗಾರರ ವಿಶೇಷ ಉಲ್ಲೇಖ ಪಡೆದ ಚಿತ್ರ ಬೇಗ ಸಿಗುತ್ತದೆ, ಏಕೆಂದರೆ ಗೆದ್ದ ಚಿತ್ರದ ಹಕ್ಕಿಗೆ ಬೇಡಿಕೆ ಹೆಚ್ಚು.

ಪಟ್ಟಿಯಿಂದ ಪ್ರತಿ ಚಿತ್ರದ ನಾಲ್ಕು ವಿವರ ಬರೆದುಕೊಳ್ಳಿ: ಮೂಲ ಭಾಷೆಯ ಹೆಸರು, ಇಂಗ್ಲಿಷ್ ಹೆಸರು, ನಿರ್ದೇಶಕರ ಪೂರ್ಣ ಹೆಸರು, ವರ್ಷ. ಆಮೇಲೆ ಹುಡುಕಾಟ ಹೀಗೆ ಸಾಗಲಿ:

1. ಚಿತ್ರದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಪಕ್ಕದಲ್ಲಿ ನಿರ್ದೇಶಕರ ಮನೆತನದ ಹೆಸರು (ಸರ್‌ನೇಮ್) ಬರೆಯಿರಿ. ‘ಮನೆ’, ‘ಅಮ್ಮ’, ‘ನದಿ’ ಎಂಬಂತಹ ಹೆಸರಿನ ಚಿತ್ರಗಳು ಲೆಕ್ಕವಿಲ್ಲದಷ್ಟಿವೆ, ಹೆಸರೊಂದನ್ನೇ ಬರೆದರೆ ದಾರಿ ತಪ್ಪುತ್ತದೆ.

2. ಸಿಗದಿದ್ದರೆ ಮೂಲ ಭಾಷೆಯ ಹೆಸರನ್ನು ಅದೇ ಲಿಪಿಯಲ್ಲಿ ಅಂಟಿಸಿ ಹುಡುಕಿ. ಜಪಾನ್, ಇರಾನ್, ರಷ್ಯಾದ ಚಿತ್ರಗಳಲ್ಲಿ ಫಲಿತಾಂಶ ಪೂರ್ತಿ ಬದಲಾಗುತ್ತದೆ.

3. ಇನ್ನೂ ಸಿಗದಿದ್ದರೆ ನಿರ್ದೇಶಕರ ಹೆಸರೊಂದನ್ನೇ ವಿಮಿಯೊದ ಒಳಗೆ ಹುಡುಕಿ. ಗೂಗಲ್‌ನಲ್ಲಾದರೆ ‘ಸೈಟ್’ ಎಂಬ ಇಂಗ್ಲಿಷ್ ಪದ, ಅದಕ್ಕೆ ಅಂಟಿಕೊಂಡಂತೆ ಕೋಲನ್, ಅದಕ್ಕೆ ಅಂಟಿಕೊಂಡಂತೆ ವಿಮಿಯೊದ ವಿಳಾಸ, ಒಂದು ಖಾಲಿ ಜಾಗ, ಬಳಿಕ ಹೆಸರು. ನಡುವೆ ಜಾಗ ಬಿಟ್ಟರೆ ಈ ಸೂತ್ರ ಕೆಲಸ ಮಾಡುವುದಿಲ್ಲ.

4. ಕೊನೆಯದಾಗಿ ನಿರ್ದೇಶಕರ ಅಥವಾ ನಿರ್ಮಾಣ ಸಂಸ್ಥೆಯ ಸ್ವಂತ ತಾಣ.

ನಾಲ್ಕರಲ್ಲೂ ಸಿಗಲಿಲ್ಲವೇ? ದಿನಾಂಕ ಬರೆದಿಟ್ಟು ಮುಂದಿನ ಚಿತ್ರಕ್ಕೆ ಹೋಗಿ. ಒಂದೇ ಚಿತ್ರಕ್ಕೆ ಅರ್ಧ ಗಂಟೆ ಕೊಟ್ಟರೆ ಉತ್ಸಾಹ ಬತ್ತುತ್ತದೆ. ಪಾಸ್‌ವರ್ಡ್ ಕೇಳುವ ವಿಮಿಯೊ ಪುಟ ಸಿಕ್ಕರೆ ಚಿತ್ರ ಇನ್ನೂ ಉತ್ಸವಗಳಲ್ಲಿದೆ ಅಥವಾ ಹಕ್ಕು ಬೇರೆಯವರ ಬಳಿ ಇದೆ ಎಂದು ತಿಳಿಯಿರಿ. ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎಂದು ಬಂದರೆ ಅದು ಟಿವಿ ವಾಹಿನಿಯೊಂದಿಗಿನ ಒಪ್ಪಂದದ ಫಲ ಇರಬಹುದು. ಅವಧಿ ಮುಗಿದರೆ ಆ ಬೀಗ ತೆರೆಯುವುದೂ ಉಂಟು.

ಕೊನೆಯ ಹೆಸರುಗಳಲ್ಲೇ ಎಲ್ಲ ಇದೆ

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ ಎನ್ನುತ್ತಾರಲ್ಲ, ಮುಂದಿನ ಒಳ್ಳೆಯ ಚಿತ್ರಕ್ಕಾಗಿ ಎಲ್ಲೆಲ್ಲೋ ಅಲೆಯುವವರ ಕತೆ ಅದೇ. ಈಗಷ್ಟೇ ಮೆಚ್ಚಿ ನೋಡಿದ ಚಿತ್ರದ ಕೊನೆಯ ಅರ್ಧ ನಿಮಿಷದಲ್ಲಿ ಮುಂದಿನ ಹತ್ತು ಚಿತ್ರಗಳ ವಿಳಾಸ ಇರುತ್ತದೆ. ಹೆಸರುಗಳು ಉರುಳತೊಡಗಿದ ಕೂಡಲೇ ಕಿಟಕಿ ಮುಚ್ಚುವ ಅಭ್ಯಾಸ ಬಿಟ್ಟರೆ ನಿಮ್ಮ ಹುಡುಕಾಟ ಅರ್ಧ ಗೆದ್ದಂತೆ.

ನಿರ್ದೇಶಕರ ಹೆಸರನ್ನು ಎಲ್ಲರೂ ನೋಡುತ್ತಾರೆ. ಹೆಚ್ಚು ಫಲ ಕೊಡುವುದು ಉಳಿದ ಹೆಸರುಗಳು. ಕಿರುಚಿತ್ರ ನಿರ್ದೇಶಕರು ಹತ್ತು ವರ್ಷದಲ್ಲಿ ಮೂರು ಚಿತ್ರ ಮಾಡಿದರೆ, ಅದೇ ಛಾಯಾಗ್ರಾಹಕರು, ಸಂಕಲನಕಾರರು, ಧ್ವನಿ ವಿನ್ಯಾಸಕರು ಅಷ್ಟರಲ್ಲಿ ಹತ್ತಾರು ಚಿತ್ರಗಳಿಗೆ ಕೆಲಸ ಮಾಡಿರುತ್ತಾರೆ. ಚಿತ್ರದ ಬೆಳಕು ಇಷ್ಟವಾಗಿದ್ದರೆ ಛಾಯಾಗ್ರಾಹಕರ ತಾಣಕ್ಕೆ ಹೋಗಿ. ಅವರು ತಾವು ಹೆಮ್ಮೆಪಡುವ ಕೆಲಸಗಳನ್ನಷ್ಟೇ ಅಲ್ಲಿ ಇಟ್ಟಿರುತ್ತಾರೆ, ಕಿರುಚಿತ್ರದ ಪಕ್ಕದಲ್ಲೇ ಮ್ಯೂಸಿಕ್ ವಿಡಿಯೊಗಳೂ ಇರುತ್ತವೆ. ಒಂದು ಬಗೆಯಿಂದ ಇನ್ನೊಂದಕ್ಕೆ ದಾಟಲು ಇದಕ್ಕಿಂತ ಸುಲಭದ ಸೇತುವೆ ಇಲ್ಲ. ಅನಿಮೇಷನ್ ಆದರೆ ಹಿನ್ನೆಲೆಯ ಚಿತ್ರ ಬರೆದವರ ಹೆಸರು ನೋಡಿ. ಮನಸ್ಸಿಗೆ ಅಂಟಿಕೊಂಡ ಬಣ್ಣ ಅವರದೇ ಆಗಿರುವ ಸಾಧ್ಯತೆ ಹೆಚ್ಚು.

ಇನ್ನು ಮೂರು ಹೆಸರುಗಳ ಮೇಲೆ ಕಣ್ಣಿಡಿ: ನಿರ್ಮಾಣ ಸಂಸ್ಥೆ, ಹಣ ಕೊಟ್ಟ ನಿಧಿ, ‘ಕೃತಜ್ಞತೆಗಳು’ ಎಂಬ ಪಟ್ಟಿ. ಸಣ್ಣ ನಿರ್ಮಾಣ ಸಂಸ್ಥೆಗಳಿಗೆ ಗಟ್ಟಿಯಾದ ಅಭಿರುಚಿ ಇರುತ್ತದೆ. ಒಂದು ಚಿತ್ರ ಹಿಡಿಸಿದರೆ ಉಳಿದವೂ ಹಿಡಿಸುವ ಸಂಭವ ಹೆಚ್ಚು. ಕೃತಜ್ಞತೆಯ ಪಟ್ಟಿಯಲ್ಲಿ ಸ್ನೇಹಿತರಾದ ಬೇರೆ ನಿರ್ದೇಶಕರು ಸಿಗುತ್ತಾರೆ, ಒಂದು ಇಡೀ ಗೆಳೆಯರ ಬಳಗವೇ ಕಣ್ಣಿಗೆ ಬೀಳುತ್ತದೆ. ವಿಮಿಯೊದಲ್ಲಿ ಒಬ್ಬರು ಮೆಚ್ಚಿದ ವಿಡಿಯೊಗಳ ಪಟ್ಟಿ ಅವರ ಪುಟದಲ್ಲಿ ತೆರೆದಿದ್ದರೆ ಅದನ್ನೂ ಬಿಡಬೇಡಿ. ಒಳ್ಳೆಯ ನಿರ್ದೇಶಕರು ಏನು ನೋಡುತ್ತಾರೆ ಎಂಬುದು ಯಾವ ಶಿಫಾರಸಿಗಿಂತಲೂ ಬೆಲೆಯುಳ್ಳದ್ದು.

ಅನಿಮೇಷನ್‌ಗೆ ಶಾಲೆಗಳೇ ಬಾಗಿಲು

ಅನಿಮೇಷನ್‌ನಲ್ಲಿ ಹೊಸ ಪ್ರತಿಭೆ ಮೊದಲು ಕಾಣುವುದು ಪದವಿ ಚಿತ್ರಗಳಲ್ಲಿ. ಪ್ಯಾರಿಸ್‌ನ ಗೋಬ್ಲಾಂ ಶಾಲೆ ತನ್ನ ವಿದ್ಯಾರ್ಥಿಗಳ ಚಿತ್ರಗಳನ್ನು ಯೂಟ್ಯೂಬ್‌ಗೆ ಹಾಕುತ್ತದೆ. ಆನ್ಸಿ ಉತ್ಸವದ ಪ್ರದರ್ಶನಗಳ ಮುನ್ನ ಬರುವ ಪುಟ್ಟ ಚಿತ್ರಗಳೂ ಆ ಶಾಲೆಯ ವಿದ್ಯಾರ್ಥಿಗಳವೇ. ಡೆನ್ಮಾರ್ಕ್‌ನ ವಿಬೋರ್ಗ್‌ನಲ್ಲಿರುವ ‘ದಿ ಅನಿಮೇಷನ್ ವರ್ಕ್‌ಶಾಪ್’, ಅಮೆರಿಕದ ಕ್ಯಾಲ್‌ಆರ್ಟ್ಸ್ ಮತ್ತು ರಿಂಗ್ಲಿಂಗ್, ಕೆನಡಾದ ಶೆರಿಡನ್, ಜರ್ಮನಿಯ ಫಿಲ್ಮ್‌ಅಕಾಡೆಮಿ ಬಾಡೆನ್-ವುರ್ಟೆಂಬರ್ಗ್ ಇವುಗಳ ಹೆಸರಿನಲ್ಲೂ ಹುಡುಕಿ. ವಿದ್ಯಾರ್ಥಿ ಚಿತ್ರ ಎಂದು ಕಡೆಗಣಿಸಬೇಡಿ. ಐದಾರು ಜನ ಸೇರಿ ಒಂದು ವರ್ಷ ಪೂರ್ತಿ ಆರೇಳು ನಿಮಿಷಕ್ಕೆ ದುಡಿಯುವ ಅವಕಾಶ ಅವರಿಗೆ ಮುಂದೆಂದೂ ಸಿಗದೆಯೂ ಹೋಗಬಹುದು.

ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿ 1939ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ. ನಾರ್ಮನ್ ಮ್ಯಾಕ್‌ಲಾರೆನ್ ಅಲ್ಲಿ ಅನಿಮೇಷನ್ ವಿಭಾಗ ಕಟ್ಟಿದರು. ಅದರ ತಾಣದಲ್ಲಿ ದಶಕಗಳ ಅನಿಮೇಷನ್ ಉಚಿತವಾಗಿ ನೋಡಲು ಸಿಗುತ್ತದೆ. ಫಿಲ್ಮ್ ಸುರುಳಿಯ ಮೇಲೇ ನೇರವಾಗಿ ಬರೆದದ್ದು, ಗಾಜಿನ ಮೇಲೆ ಬಣ್ಣ, ಮರಳು, ಸಾವಿರಾರು ಸೂಜಿಗಳ ನೆರಳಿನಿಂದ ಚಿತ್ರ ಮೂಡಿಸುವ ಪಿನ್‌ಸ್ಕ್ರೀನ್ ಹೀಗೆ ತಂತ್ರಗಳ ದೊಡ್ಡ ಪ್ರದರ್ಶನವೇ ಅಲ್ಲಿದೆ. ತಂತ್ರದ ಹೆಸರು ಕಲಿತರೆ ಹುಡುಕುವ ಪದವೂ ಸಿಕ್ಕಂತೆ. ‘ಅನಿಮೇಷನ್’ ಎಂದು ಹುಡುಕುವುದಕ್ಕಿಂತ ‘ಸ್ಟಾಪ್ ಮೋಷನ್’ (ಗೊಂಬೆಗಳನ್ನು ಇಷ್ಟಿಷ್ಟೇ ಸರಿಸಿ ತೆಗೆದದ್ದು), ‘ಕಟೌಟ್’ (ಕತ್ತರಿಸಿದ ಕಾಗದದ ತುಂಡುಗಳದ್ದು), ‘ರೊಟೊಸ್ಕೋಪ್’ (ಚಿತ್ರೀಕರಿಸಿದ ದೃಶ್ಯದ ಮೇಲೆ ಗೆರೆ ಎಳೆದದ್ದು), ‘ಪೇಂಟ್ ಆನ್ ಗ್ಲಾಸ್’ ಎಂದು ಹುಡುಕಿದರೆ ಫಲಿತಾಂಶ ಎಷ್ಟೋ ಶುದ್ಧ. ಚಿತ್ರ ಹೇಗೆ ತಯಾರಾಯಿತು ಎಂದು ಬಿಚ್ಚಿ ನೋಡುವ ಆಸೆಯಿದ್ದರೆ ಅದೇ ಹೆಸರಿನ ಉಚಿತ ಅನಿಮೇಷನ್ ತಂತ್ರಾಂಶ ರೂಪಿಸುವ ಬ್ಲೆಂಡರ್ ಸಂಸ್ಥೆ 2006ರಿಂದ ಹೊರತರುತ್ತಿರುವ ಮುಕ್ತ ಚಿತ್ರಗಳಿವೆ. ಪಾತ್ರಗಳ ಮೂಲ ಫೈಲ್‌ಗಳನ್ನೂ ಅವರು ಹಂಚುತ್ತಾರೆ.

ಮ್ಯೂಸಿಕ್ ವಿಡಿಯೊ: ಹಾಡಿನಿಂದಲ್ಲ, ನಿರ್ದೇಶಕರಿಂದ

ಮ್ಯೂಸಿಕ್ ವಿಡಿಯೊ ಹುಡುಕುವಾಗ ಎಲ್ಲರೂ ಹಾಡುಗಾರರ ಹೆಸರಿನಿಂದ ಶುರು ಮಾಡುತ್ತಾರೆ. ಗೊತ್ತಿರುವ ಹಾಡುಗಾರರೇ ಮತ್ತೆ ಮತ್ತೆ ಸಿಗುತ್ತಾರೆ. ಬದಲಿಗೆ ಮೆಚ್ಚಿದ ಒಂದು ವಿಡಿಯೊದ ಕೆಳಗಿನ ವಿವರಣೆ ತೆರೆದು ನಿರ್ದೇಶಕರು ಯಾರೆಂದು ನೋಡಿ. ಅಲ್ಲಿ ಇಲ್ಲದಿದ್ದರೆ ‘ಐಎಂವಿಡಿಬಿ’ ಎಂಬ ದತ್ತಸಂಗ್ರಹದಲ್ಲಿ ಹುಡುಕಿ. ನಿರ್ದೇಶಕ, ಛಾಯಾಗ್ರಾಹಕ, ಸಂಕಲನಕಾರ, ನಿರ್ಮಾಣ ಸಂಸ್ಥೆ ಹೀಗೆ ಹೆಸರು ಹೆಸರಾಗಿ ಸಿಗುತ್ತದೆ, ಒಂದು ಹೆಸರು ಒತ್ತಿದರೆ ಅವರ ಉಳಿದ ವಿಡಿಯೊಗಳ ಪಟ್ಟಿ ಬರುತ್ತದೆ. ಆ ಹೆಸರನ್ನು ವಿಮಿಯೊದಲ್ಲಿ ಹುಡುಕಿದರೆ ಕೆಲವೊಮ್ಮೆ ‘ಡೈರೆಕ್ಟರ್ಸ್ ಕಟ್’ ಸಿಗುತ್ತದೆ, ಅಂದರೆ ಧ್ವನಿಮುದ್ರಣ ಸಂಸ್ಥೆ ಕತ್ತರಿಸಿದ ದೃಶ್ಯಗಳೂ ಇರುವ ನಿರ್ದೇಶಕರ ಆವೃತ್ತಿ.

ಪ್ರಶಸ್ತಿಗಳ ಪಟ್ಟಿಯೂ ಒಳ್ಳೆಯ ಆಕರ. ಒಬರ್‌ಹೌಸನ್ ಉತ್ಸವ 1999ರಿಂದ ‘ಮುವಿ’ ಎಂಬ ಮ್ಯೂಸಿಕ್ ವಿಡಿಯೊ ಪ್ರಶಸ್ತಿ ಕೊಡುತ್ತಿದೆ. 2008ರಲ್ಲಿ ಶುರುವಾದ ‘ಯುಕೆ ಮ್ಯೂಸಿಕ್ ವಿಡಿಯೊ ಅವಾರ್ಡ್ಸ್’ನಲ್ಲಿ ಛಾಯಾಗ್ರಹಣ, ಸಂಕಲನ, ಬಣ್ಣ ತಿದ್ದುವಿಕೆ, ನೃತ್ಯ ಸಂಯೋಜನೆ, ಅನಿಮೇಷನ್ ಇವಕ್ಕೆಲ್ಲ ಬೇರೆ ಬೇರೆ ವಿಭಾಗವಿದೆ. ಗೆದ್ದವರ ಹೆಸರಷ್ಟೇ ಅಲ್ಲ, ನಾಮನಿರ್ದೇಶನಗೊಂಡವರ ಪೂರ್ತಿ ಪಟ್ಟಿ ತೆಗೆಯಿರಿ. ಪೋಲೆಂಡ್‌ನ ‘ಕ್ಯಾಮೆರಿಮೇಜ್’ ಛಾಯಾಗ್ರಹಣದ ಉತ್ಸವ, ಅಲ್ಲೂ ಮ್ಯೂಸಿಕ್ ವಿಡಿಯೊ ಸ್ಪರ್ಧೆಯಿದೆ. ಕಿರುಚಿತ್ರದಂತೆ ಇಲ್ಲಿ ಕಾಯಬೇಕಿಲ್ಲ. ಮ್ಯೂಸಿಕ್ ವಿಡಿಯೊ ಮೊದಲು ಅಂತರ್ಜಾಲಕ್ಕೆ ಬಂದು ಆಮೇಲೆ ಉತ್ಸವಕ್ಕೆ ಹೋಗುತ್ತದೆ, ಹಾಗಾಗಿ ಈ ವರ್ಷದ ಪಟ್ಟಿಯೂ ಬಹುತೇಕ ಸಿಗುತ್ತದೆ.

ದೊಡ್ಡ ಸಂಸ್ಥೆಗಳಾಚೆಗಿನ ಸಂಗೀತಕ್ಕೆ, ಸಂಗೀತಗಾರರು ತಮ್ಮ ಕೆಲಸವನ್ನು ನೇರವಾಗಿ ಮಾರುವ ತಾಣವಾದ ಬ್ಯಾಂಡ್‌ಕ್ಯಾಂಪ್‌ನ ಟ್ಯಾಗ್‌ಗಳಿಂದ ಹೊರಡಿ. ಸಂಗೀತ ಇಷ್ಟವಾದರೆ ಅದನ್ನು ಹೊರತಂದ ಸಣ್ಣ ಧ್ವನಿಮುದ್ರಣ ಸಂಸ್ಥೆಯ ಯೂಟ್ಯೂಬ್ ಚಾನೆಲ್‌ಗೆ ಹೋಗಿ. ಅಲ್ಲಿ ‘ಲಿರಿಕ್ ವಿಡಿಯೊ’, ‘ವಿಷುವಲೈಸರ್’, ‘ಆಡಿಯೊ’ ಎಂದು ಗುರುತಿಸಿದವನ್ನು ದಾಟಿ. ಅವು ಹಾಡನ್ನು ಪರದೆಗೆ ಹಾಕಲು ಮಾಡಿದವು. ವಿವರಣೆಯಲ್ಲಿ ನಿರ್ದೇಶಕರ ಹೆಸರಿದ್ದರೆ ಮಾತ್ರ ನಿಲ್ಲಿ.

ಕದ್ದು ಹಾಕಿದ್ದು, ಕೊಂಡು ತಂದ ಪ್ರಶಸ್ತಿ

ಒಳ್ಳೆಯ ಕಿರುಚಿತ್ರಗಳನ್ನು ಅನುಮತಿಯಿಲ್ಲದೆ ಮತ್ತೆ ಹಾಕುವ ಚಾನೆಲ್‌ಗಳು ಬಹಳ. ಗುರುತು ಹಿಡಿಯುವುದು ಕಷ್ಟವಲ್ಲ: ಕೊನೆಯ ಹೆಸರುಗಳು ಕತ್ತರಿಸಿಹೋಗಿರುತ್ತವೆ, ಚಿತ್ರ ಎಡಬಲ ತಿರುಗಿರುತ್ತದೆ, ಅಂಚು ಕತ್ತರಿಸಿರುತ್ತದೆ, ಧ್ವನಿಯ ಶ್ರುತಿ ಸ್ವಲ್ಪ ಏರಿರುತ್ತದೆ ಅಥವಾ ಇಳಿದಿರುತ್ತದೆ. ಕೃತಿಸ್ವಾಮ್ಯ ಪತ್ತೆಹಚ್ಚುವ ತಂತ್ರಾಂಶದ ಕಣ್ಣು ತಪ್ಪಿಸಲು ಮಾಡುವ ಕೆಲಸವಿದು. ಅಲ್ಲಿ ನೋಡಿದರೆ ಚಿತ್ರ ಕೆಟ್ಟದಾಗಿ ಕಾಣುತ್ತದೆ, ನೋಡುಗರ ಎಣಿಕೆಯೂ ಚಿತ್ರ ಮಾಡಿದವರಿಗೆ ಸೇರುವುದಿಲ್ಲ. ಚಿತ್ರದ ಹೆಸರು ಹಿಡಿದು ಮೂಲ ಪುಟಕ್ಕೆ ಹೋಗಿ ನೋಡಿ.

ಉತ್ಸವದ ಆಯ್ಕೆ ಅಥವಾ ಪ್ರಶಸ್ತಿಯ ಗುರುತಾಗಿ ಪೋಸ್ಟರ್ ಮೇಲೆ ಹಾಕುವ ಎಲೆಗಳ ಕಿರೀಟ ಕಂಡು ಮರುಳಾಗಬೇಡಿ. ಪ್ರವೇಶ ಶುಲ್ಕಕ್ಕಾಗಿಯೇ ತಿಂಗಳಿಗೊಮ್ಮೆ ಪ್ರಶಸ್ತಿ ಹಂಚುವ ‘ಉತ್ಸವ’ಗಳಿವೆ. ಉತ್ಸವದ ತಾಣದಲ್ಲಿ ನಾಲ್ಕು ಸಂಗತಿ ನೋಡಿ: ಜನ ಸೇರಿ ನೋಡುವ ಪ್ರದರ್ಶನ ಇದೆಯೇ, ತೀರ್ಪುಗಾರರ ಹೆಸರಿದೆಯೇ, ಹಿಂದಿನ ವರ್ಷಗಳ ಕ್ಯಾಟಲಾಗ್ ಇದೆಯೇ, ಆಯ್ಕೆಯಾದ ಚಿತ್ರಗಳಿಗಿಂತ ಪ್ರಶಸ್ತಿಗಳೇ ಹೆಚ್ಚಿವೆಯೇ. ಆಸ್ಕರ್ ಅಕಾಡೆಮಿ ತಾನು ಮಾನ್ಯ ಮಾಡುವ ಕಿರುಚಿತ್ರ ಉತ್ಸವಗಳ ಪಟ್ಟಿ ಪ್ರಕಟಿಸುತ್ತದೆ. ಅನುಮಾನ ಬಂದಾಗ ಅದು ನೆರವಿಗೆ ಬರುತ್ತದೆ. ಆ ಪಟ್ಟಿಯಲ್ಲಿ ಇಲ್ಲದ ಒಳ್ಳೆಯ ಸಣ್ಣ ಉತ್ಸವಗಳೂ ಬೇಕಾದಷ್ಟಿವೆ ಎಂಬುದೂ ನೆನಪಿರಲಿ.

ನೋಡುವಾಗ

ಟಿವಿಯಲ್ಲಿ ಅನಿಮೇಷನ್ ನೋಡುವ ಮುನ್ನ ‘ಮೋಷನ್ ಸ್ಮೂದಿಂಗ್’ ಆಫ್ ಮಾಡಿ. ಬೇರೆ ಬೇರೆ ಕಂಪನಿಗಳು ಇದಕ್ಕೆ ಬೇರೆ ಬೇರೆ ಹೆಸರಿಟ್ಟಿವೆ, ಚಿತ್ರದ ಸೆಟ್ಟಿಂಗ್‌ನಲ್ಲಿ ‘ಮೋಷನ್’ ಎಂಬ ಪದ ಹುಡುಕಿ. ಕೈಯಲ್ಲೇ ಚಿತ್ರ ಬರೆದ ಅನಿಮೇಷನ್‌ನಲ್ಲಿ ಸೆಕೆಂಡಿಗೆ 24 ಫ್ರೇಮ್ ಇದ್ದರೂ ಹೆಚ್ಚಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿಯುತ್ತಾರೆ, ಅಂದರೆ 12 ಚಿತ್ರ. ಆ ತುಂಡು ತುಂಡು ಲಯ ಬೇಕೆಂದೇ ಇಟ್ಟದ್ದು. ಟಿವಿ ನಡುವೆ ತಾನೇ ಚಿತ್ರ ತುಂಬಿದರೆ ಗೆರೆಗಳು ಕರಗಿ ಎಣ್ಣೆ ಸವರಿದಂತೆ ಜಾರುತ್ತವೆ. ಸ್ಟಾಪ್ ಮೋಷನ್‌ಗಂತೂ ಇದು ಪ್ರಾಣಕ್ಕೇ ಕುತ್ತು.

ಗುಣಮಟ್ಟವನ್ನು ‘ಆಟೊ’ಗೆ ಬಿಡದೆ ಕೈಯಾರೆ ಆರಿಸಿ. ನಿಮ್ಮ ಪರದೆ 1080 ಆಗಿದ್ದರೂ 1440 ಅಥವಾ 4ಕೆ ಆಯ್ಕೆ ಇದ್ದರೆ, ಸಂಪರ್ಕ ತಡೆದುಕೊಂಡರೆ, ಅದನ್ನೇ ಹಾಕಿ. ಅದಕ್ಕೆ ಹೆಚ್ಚಿನ ದತ್ತಾಂಶ ಸಿಗುವುದರಿಂದ ಕತ್ತಲ ದೃಶ್ಯಗಳು ಚೌಕ ಚೌಕವಾಗಿ ಒಡೆಯುವುದು ಕಡಿಮೆ. ಫೋನಿನ ಸ್ಪೀಕರ್ ಬೇಡ, ಹೆಡ್‌ಫೋನ್ ಇರಲಿ. ಮಾತು ಕಡಿಮೆಯಿರುವ ಚಿತ್ರಗಳಲ್ಲಿ ಕತೆ ಹೇಳುವುದು ಧ್ವನಿಯೇ. ಆಟೊಪ್ಲೇ ಆಫ್ ಮಾಡಿ, ಇಲ್ಲದಿದ್ದರೆ ಕೊನೆಯ ಹೆಸರುಗಳ ಮೇಲೆ ಮುಂದಿನ ವಿಡಿಯೊ ಹತ್ತಿ ಕೂರುತ್ತದೆ. ಒಂದು ಹೊತ್ತಿಗೆ ಮೂರು ನಾಲ್ಕು ಚಿತ್ರ ಸಾಕು. ಎಂಟು ಹತ್ತು ನೋಡಿದರೆ ಒಂದರ ಮೇಲೊಂದು ಬಿದ್ದು ಯಾವುದೂ ಉಳಿಯುವುದಿಲ್ಲ.

ಬರೆದಿಡುವುದು, ಕೇಳುವುದು

ಒಂದು ಸ್ಪ್ರೆಡ್‌ಶೀಟ್ ಮಾಡಿ: ಮೂಲ ಹೆಸರು, ನಿರ್ದೇಶಕರು, ವರ್ಷ, ನಿಮಿಷ, ಎಲ್ಲಿಂದ ಗೊತ್ತಾಯಿತು, ಕೊಂಡಿ, ಹುಡುಕಿದ ದಿನಾಂಕ. ಸಿಗದ ಚಿತ್ರಗಳ ಸಾಲುಗಳನ್ನು ಅಳಿಸಬೇಡಿ, ಆರು ತಿಂಗಳಿಗೊಮ್ಮೆ ಅವನ್ನಷ್ಟೇ ಮತ್ತೆ ಹುಡುಕಿ. ಹೊಸತರ ಸುದ್ದಿಗೆ ಗಂಟೆಯ ಗುರುತು ಒತ್ತುವುದಕ್ಕಿಂತ ಫೀಡ್ ರೀಡರ್ ವಾಸಿ, ಅಂದರೆ ಹಲವು ತಾಣಗಳ ಹೊಸ ಪ್ರಕಟಣೆಗಳನ್ನು (ಆರ್‌ಎಸ್‌ಎಸ್ ಫೀಡ್) ಒಂದೇ ಕಡೆ ತೋರಿಸುವ ತಂತ್ರಾಂಶ. ಯೂಟ್ಯೂಬ್‌ನ ಪ್ರತಿ ಚಾನೆಲ್‌ಗೂ ಆರ್‌ಎಸ್‌ಎಸ್ ಫೀಡ್ ಇದೆ, ಹೆಚ್ಚಿನ ರೀಡರ್‌ಗಳಲ್ಲಿ ಚಾನೆಲ್‌ನ ವಿಳಾಸ ಅಂಟಿಸಿದರೆ ಸಾಕು. ಎರಡು ವರ್ಷಕ್ಕೊಮ್ಮೆ ವಿಡಿಯೊ ಹಾಕುವವರೂ ಅಲ್ಲಿ ಕಳೆದುಹೋಗುವುದಿಲ್ಲ. ಕೊಂಡಿ ಸತ್ತಿದ್ದರೆ ಇಂಟರ್ನೆಟ್ ಆರ್ಕೈವ್‌ನ ‘ವೇಬ್ಯಾಕ್ ಮಷೀನ್’ಗೆ ಆ ವಿಳಾಸ ಕೊಡಿ. ವಿಡಿಯೊ ಸಿಗದಿದ್ದರೂ ಪುಟದಲ್ಲಿದ್ದ ಹೆಸರುಗಳು ಸಿಗಬಹುದು.

ಎಲ್ಲೂ ಸಿಗದ, ನೋಡಲೇಬೇಕೆನಿಸುವ ಚಿತ್ರವಿದ್ದರೆ ಮಾಡಿದವರನ್ನೇ ಕೇಳಿ. ಅವರ ತಾಣದಲ್ಲಿ ಕೊಟ್ಟಿರುವ ಸಂಪರ್ಕಕ್ಕೆ ನಾಲ್ಕು ಸಾಲು ಸಾಕು: ನೀವು ಯಾರು, ಅವರ ಯಾವ ಕೆಲಸ ನೋಡಿದ್ದೀರಿ, ಯಾವ ಚಿತ್ರ ನೋಡಬೇಕು, ಕೊಂಡಿಯನ್ನು ಯಾರಿಗೂ ಕೊಡುವುದಿಲ್ಲ ಎಂಬ ಮಾತು. ಎಷ್ಟೋ ನಿರ್ದೇಶಕರು ಪಾಸ್‌ವರ್ಡ್ ಸಮೇತ ಖಾಸಗಿ ಕೊಂಡಿ ಕಳಿಸುತ್ತಾರೆ. ಉತ್ತರ ಬಾರದಿದ್ದರೆ ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ಬರೆಯಿರಿ, ಮೂರನೆಯ ಸಲ ಬೇಡ. ಕೊಂಡಿ ಬಂದರೆ ಆ ವಾರದೊಳಗೆ ನೋಡಿ, ಯಾವ ದೃಶ್ಯ ಏಕೆ ಹಿಡಿಸಿತು ಎಂದು ಎರಡು ಸಾಲು ಮರಳಿ ಬರೆಯಿರಿ. ಇಂತಹುದನ್ನು ಇನ್ನೆಲ್ಲಿ ನೋಡಬಹುದು ಎಂದು ಅದೇ ಪತ್ರದಲ್ಲಿ ಕೇಳಿ.